ರಾಯಾಪುರ ಬಂದ ಮೇಲೆ

ತಂಗಿ ಬ್ಯಾಡ್ಮಿಂಟನ್ ಕಲಿತದ್ದು ಅಪ್ಪನ ಆಸರೆಯಿಂದ ಎಂದು ನಮ್ಮ ಬಳಗವೆಲ್ಲ ಹೇಳುತ್ತದೆ. ಬೆಳಗ್ಗೆ ಎಬ್ಬಿಸಿದವ ಅಪ್ಪ, ಧಾರವಾಡದಿಂದ ಹುಬ್ಬಳ್ಳಿಗೆ ಕರೆದೊಯ್ದವ ಅಪ್ಪ, ಒಂದು ಪಂದ್ಯವನ್ನೂ ತಪ್ಪಿಸದವ ಅಪ್ಪ. ಎಲ್ಲ ಖರೆ. ನನ್ನ ತಕರಾರು ಇರುವುದು ಅವರ ತೀರ್ಮಾನದ ಬಗ್ಗೆ. ಹೀಗೆ ಹೇಳುವವರು ಯಾರೂ ಅವಳು ಪಂದ್ಯ ಸೋತ ದಿನ ನಮ್ಮ ಕಾರಿನಲ್ಲಿ ಕೂತವರಲ್ಲ.

ಹುಬ್ಬಳ್ಳಿಯ ಗದ್ದಲ ದಾಟುವವರೆಗೆ ಅಪ್ಪ ಸುಮ್ಮನಿರುತ್ತಿದ್ದ. ಧಾರವಾಡದ ದಾರಿಯಲ್ಲಿ ರಾಯಾಪುರ ಬಂತೆಂದರೆ ಶುರು. "ಎದುರಿನಾಕಿ ಹಿಂದ ನಿಂತಿದ್ಲು. ನೆಟ್ ಹತ್ರ ಹಗೂರ ಹಾಕಿದ್ರ ಮುಗೀತಿತ್ತಲ್ಲ? ಸಿಟ್ಟಿಲೆ ಹೇಳಾಕತ್ತಿಲ್ಲ ಮತ್ತ." ಸಿಟ್ಟು ನಿಜಕ್ಕೂ ಇರುತ್ತಿರಲಿಲ್ಲ, ತೊಡಕೇ ಅದು. ಸಿಟ್ಟಿನ ಜೊತೆ ವಾದಿಸಬಹುದು. ಅಕ್ಕರೆಗೆ ಏನಂತ ಉತ್ತರ ಕೊಡುವುದು? ಹಿಂದಿನ ಸೀಟಿನಲ್ಲಿ ತಂಗಿ ರ್ಯಾಕೆಟ್ ಚೀಲ ಅವುಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಧಾರವಾಡದ ಮಾಳಮಡ್ಡಿಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ಅದೇ ಪಂದ್ಯವನ್ನು ಮತ್ತೊಮ್ಮೆ ಸೋತಿರುತ್ತಿದ್ದಳು.

ಈ ಬೇಸಿಗೆಯಲ್ಲಿ "ಇನ್ನ ಆಡಂಗಿಲ್ಲ" ಎಂದುಬಿಟ್ಟಳು. ಇನ್ನೊಂದು ಪಂದ್ಯ ಆಡಿ ನೋಡು ಎಂದು ಅವ್ವ ಅವಳನ್ನು ಒಪ್ಪಿಸಿದಳು. ಕಾರಿನಲ್ಲಿ ಪಂದ್ಯದ ಮಾತೆತ್ತಬೇಡವೆಂದು ನಾನು ಅಪ್ಪನ ಜೊತೆ ವಾದಕ್ಕಿಳಿದೆ.

"ತಪ್ಪು ಹೇಳಬ್ಯಾಡಂದ್ರ ಆಕಿ ಸುಧಾರಸೂದು ಹೆಂಗ?"

"ಕಲಿಸಾಕ ಕೋಚ್ ಸರ್ ಅದಾರಲ್ಲ. ನೀ ಗಾಡಿ ಹೊಡದ್ರ ಸಾಕು."

"ಅಂದ್ರ ನಾ ಬರೇ ಡ್ರೈವರ್?"

"ನಿಮ್ಮ ಕೋರ್ಟ್ ವಾದ ಮುಗಸ್ರಿ ಇನ್ನ, ಅನ್ನ ಆರಾಕತ್ತೈತಿ" ಎಂದಳು ಅವ್ವ. ಅಪ್ಪ ನಕ್ಕ, ಇನ್ನು ಏನೂ ಹೇಳುವುದಿಲ್ಲವೆಂದು ಒಪ್ಪಿದ. ಕಾಲೇಜಿನ ಚರ್ಚಾಸ್ಪರ್ಧೆಯ ಯಾವ ಗೆಲುವೂ ನನಗೆ ಅಷ್ಟು ಹಿಗ್ಗು ತಂದಿರಲಿಲ್ಲ.

ಆ ಪಂದ್ಯವನ್ನೂ ತಂಗಿ ಸೋತಳು. ರಾಯಾಪುರ ಬಂತು, ಹೋಯಿತು. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಹಿಂದಿನಿಂದ ಸಣ್ಣ ದನಿ ಬಂತು: "ಅಪ್ಪಾ, ಇವತ್ತ ಏನೂ ಹೇಳಂಗಿಲ್ಲೇನು?"

ಅಪ್ಪ ನನ್ನತ್ತ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ.

"ಹೇಳಾಕೂ ಏನೂ ಉಳದಿಲ್ಲೇನು? ಅಷ್ಟು ಕೆಟ್ಟ ಆಡಿದ್ನಾ?" ತಂಗಿ ಬಿಕ್ಕತೊಡಗಿದಳು.

"ಹಂಗಲ್ಲವ್ವಾ, ಎರಡನೇ ಆಟದಾಗ ನೀ..."

"ಬ್ಯಾಡ! ಹೇಳಬ್ಯಾಡ!"

ಪರವಾಗಿ ಮಾತಾಡೆಂದರೂ ಸೈ, ವಿರೋಧವಾಗಿ ಎಂದರೂ ಸೈ ಎನ್ನುವವಳು ನಾನು. ಆ ಹೊತ್ತು ಹಿಂದಕ್ಕೆ ತಿರುಗಿ ತಂಗಿಗೆ ನೀರಿನ ಬಾಟಲಿ ಕೊಟ್ಟೆನಷ್ಟೆ. ಮನೆ ಮುಂದೆ ಅಪ್ಪ ಕಾರು ಬಂದ್ ಮಾಡಿದ. ಅವ್ವ ಗೇಟು ತೆಗೆದು ನಿಂತಿದ್ದಳು. ನಾವು ಯಾರೂ ಇಳಿಯಲಿಲ್ಲ. ಅಪ್ಪ ಕನ್ನಡಿಯಲ್ಲಿ ತಂಗಿಯ ಮುಖ ಹುಡುಕುತ್ತ ಕೇಳಿದ:

"ಇಷ್ಟಾದ್ರೂ ಹೇಳವ್ವಾ, ನಾಳೆ ಮುಂಜಾನೆ ನಿನ್ನ ಎಬ್ಬಸ್ಲೋ, ಬ್ಯಾಡೋ?"