ಕಲ್ಲುಕಂಬದ ಏರಿಗಾಗಿ ಎಂಟು ಬಾಯಿ ಉಜ್ಜಿದವರು

ಸಮಸ್ತ ಮಹಾಜನರ ಅವಗಾಹನೆಗೆ ತರುವುದೇನೆಂದರೆ, ಈ ಸೋಮವಾರ ಸೂರ್ಯೋದಯಕ್ಕೆ ಸರಿಯಾಗಿ, ಹುಣಸೂರಿನ ಲಕ್ಷ್ಮಣತೀರ್ಥದ ದಂಡೆಯ ತಗಡಿನ ಚಪ್ಪರವೊಂದರಲ್ಲಿ, ಬಸ್ಸಿನ ಎಂಜಿನ್ನಿನೊಳಗಿಂದ ಒಂದು ಚಿಟಿಕೆ ಕಬ್ಬಿಣದ ಪುಡಿ ಈಚೆ ಬಂದಿದೆ. ತೋಪು ಹಾರಿಸಿಲ್ಲ. ಪುಡಿ ತೆಗೆದ ಗಯಾಸುದ್ದೀನ್ ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿಯುತ್ತಾರೆ, ಉಫ್ ಎಂದು ಊದುತ್ತಾರೆ, ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ.

ಗೋಣಿತಾಟಿನ ಮೇಲೆ ಮಲಗಿರುವುದು ಎಂಜಿನ್ನಿನ ತಲೆ. ಮೋಟಾರಿನವರ ಬಾಯಲ್ಲಿ ಹೆಡ್ಡು. ಅದಕ್ಕೆ ಎಂಟು ಬಾಯಿ. ನಾಲ್ಕರಲ್ಲಿ ಉಸಿರು ಒಳಗೆ ಹೋಗುತ್ತದೆ, ನಾಲ್ಕರಲ್ಲಿ ಹೊಗೆ ಹೊರಗೆ ಬರುತ್ತದೆ. ಎರಕ ಹೊಯ್ದವರು ಒಳಮೈಯನ್ನು ಒರಟಾಗಿಯೇ ಬಿಟ್ಟಿದ್ದಾರೆ. ಪೆಟ್ರೋಲು ಕುಡಿಯುವ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ನು ಬಂತು, ಬಸ್ಸಿನ ಬೆನ್ನಿಗೆ ಎಂಜಿನ್ನಿಗೆ ಗ್ಯಾಸು ಕೊಡುವ ಇದ್ದಿಲೊಲೆ ಬಂತು. ಇದ್ದಲ್ಲೇ ಇರುವುದಕ್ಕಿಂತ ಇದ್ದಿಲೇ ವಾಸಿ ಅಂತ ಜನ ಹತ್ತಿದರು. ಆದರೆ ಇದ್ದಿಲಿನ ಗ್ಯಾಸು ನೀರುಮಜ್ಜಿಗೆಯ ಹಾಗೆ. ತುಂಬಾ ಕುಡಿದರೇನೇ ಹೊಟ್ಟೆಗೆ ಆಧಾರ. ಕುಡಿಯಬೇಕಾದರೆ ಬಾಯಿ ಅಗಲವಾಗಬೇಕು, ಗಂಟಲು ನುಣ್ಣಗಾಗಬೇಕು.

“ಮೂಗು ಕಟ್ಕಂಡೋನು ಗುಡ್ಡ ಅತ್ತೋಕಾಯ್ತದಾ?” ಎನ್ನುತ್ತಾರೆ ಗಯಾಸುದ್ದೀನ್. “ನಾನು ಮೂಗು ಬಿಡಿಸ್ತಾ ಇವ್ನಿ, ಅಷ್ಟೇ ಕಣ್ರೀ.”

ನಲವತ್ತಾರರ ಈ ಮನುಷ್ಯ ಹುಟ್ಟಿದ್ದು ಕಲಾಯಿಯವರ ಮನೆಯಲ್ಲಿ. ತಂದೆ ಹಾರನಹಳ್ಳಿ, ಪಿರಿಯಾಪಟ್ಟಣದ ಸುತ್ತಲ ಊರೂರು ತಿರುಗಿ ತಾಮ್ರದ ಹಂಡೆ, ತಪ್ಪಲೆಗೆ ತವರ ಬಳಿಯುತ್ತಿದ್ದರು. ಕಣ್ಣಿಗೆ ಕಾಣದ ಒಳಮೈಯನ್ನು ಬೆರಳಲ್ಲಿ ನೋಡುವುದನ್ನು ಮಗ ಅಲ್ಲೇ ಕಲಿತರು. ತವರ ಹಿಡಿಯಲೆಂದು ಎರಚುವ ನವಸಾಗರದ ಹೊಗೆ ಎದೆಗೆ ಹತ್ತಿ ಕೆಮ್ಮು ಶುರುವಾದ ಮೇಲೆ ಕಲಾಯಿ ಬಿಟ್ಟು ಮೋಟಾರಿನ ಕಡೆ ಬಂದರು. ಈಗ ಮುಕ್ಕೋಣದ ಹಳೇ ಅರವನ್ನು ಸಾಣೆ ಹಿಡಿದು ಹೆರೆಯುವ ಉಳಿ ಮಾಡಿಕೊಂಡಿದ್ದಾರೆ. ಬಿದಿರುಕಡ್ಡಿಗೆ ಎಮರಿ ಕಾಗದ ಸುತ್ತಿ ಉಜ್ಜುತ್ತಾರೆ. ದಿನಕ್ಕೆ ಒಂದೇ ಬಾಯಿ. ಇಂದು ಎಂಟನೆಯದು, ಕೊನೆಯದು.

“ಎಂಟು ದಿನದಿಂದ ಆ ಕಬ್ಬಿಣದ ಬಾಯಿ ತೊಳೀತಾ ಅವ್ರೆ, ಅವ್ರ ಬಾಯಿಗೆ ಒಂದ್ ಲೋಟ ಚಾ ಹೋಗಿಲ್ಲ,” ಎಂದು ಹೆಂಡತಿ ಜಾನ್ ಬೀ ಲೋಟ ಇಟ್ಟು ಹೋಗುತ್ತಾರೆ. ಲೋಟ ತಣ್ಣಗಾಗುತ್ತದೆ.

ಆತುರಪಡುವ ಹಾಗಿಲ್ಲ. ಬಾಯಿಯ ಗೋಡೆಯ ಆಚೆ ಬದಿ ನೀರಿನ ಕೋಣೆ. ಒಂದು ಕೂದಲೆಳೆ ಹೆಚ್ಚು ಹೆರೆದರೆ ಗೋಡೆ ತೂತಾಗಿ ನೀರು ಎಂಜಿನ್ನಿಗೆ ಇಳಿಯುತ್ತದೆ. ಹೊಸ ಹೆಡ್ಡು ತರಿಸೋಣವೆಂದರೆ ಹಡಗುಗಳೆಲ್ಲ ಫಿರಂಗಿ ಹೊರುವುದರಲ್ಲಿವೆ.

ಇಷ್ಟೆಲ್ಲ ಕಲ್ಲುಕಂಬದ ಏರಿಗಾಗಿ. ಹುಣಸೂರಿನಿಂದ ಕೊಪ್ಪದ ಸಂತೆಗೆ ಹೋಗುವ ದಾರಿಯಲ್ಲಿ ಸಿಗುವ ಕಡಿದಾದ ಏರು ಅದು. ಎರಡು ವರ್ಷದಿಂದ ಬಸ್ಸು ಜನರನ್ನು ಹೊತ್ತು ಅದನ್ನು ಹತ್ತಿಲ್ಲ. ಬುಡದಲ್ಲಿ ನಿಲ್ಲುತ್ತದೆ, ಎಲ್ಲರೂ ಇಳಿಯುತ್ತಾರೆ, ಗಂಡಸರು ನೂಕುತ್ತಾರೆ, ಹೆಂಗಸರು ಗಂಟು ಹೊತ್ತು ಹಿಂದೆ ನಡೆಯುತ್ತಾರೆ. ಇಳಿಯಿರಿ ಎಂದು ಯಾರೂ ಯಾರಿಗೂ ಹೇಳಬೇಕಿಲ್ಲ. ಈಗ ಮೈಸೂರಿನಿಂದ ಕಾಗದ ಬಂದಿದೆ: ಬುಧವಾರ ಪರೀಕ್ಷೆ. ಇಪ್ಪತ್ತೆರಡು ಜನರ ಭಾರದೊಂದಿಗೆ ಬಸ್ಸು ತಾನಾಗಿ ಏರು ಹತ್ತಬೇಕು, ಇಲ್ಲವಾದರೆ ಪರವಾನಗಿ ರದ್ದು. ರದ್ದಾದರೆ ಎಂಜಿನ್ನನ್ನು ಕೃಷ್ಣರಾಜನಗರದ ಅಕ್ಕಿ ಗಿರಣಿಗೆ ಕೊಟ್ಟುಬಿಡುವುದೆಂದು ಬಸ್ಸಿನ ಮಾಲೀಕ ಚನ್ನಬಸವಣ್ಣ ತೀರ್ಮಾನ ಮಾಡಿದ್ದಾರೆ. ಬಸ್ಸು ಓಡಿಸುವವರೂ ಅವರೇ.

“ಗಿರಣೀಲಿ ನಿಂತ ಜಾಗ್ದಲ್ಲೇ ತಿರುಗ್ತದೆ ಅದು,” ಎನ್ನುತ್ತಾರೆ ಗಯಾಸುದ್ದೀನ್. “ಓಡೋ ಎಂಜಿನ್ನು ಕಣ್ರೀ.”

ಮಂಗಳವಾರ ಹೆಡ್ಡು ಮತ್ತೆ ಎಂಜಿನ್ನಿನ ಮೇಲೆ ಕೂರುತ್ತದೆ. ಬುಧವಾರ ಬೆಳಗ್ಗೆ ಹುಣಸೂರಿನಲ್ಲಿ ಮೈಸೂರಿನಿಂದ ಬಂದ ಇನ್‌ಸ್ಪೆಕ್ಟರು ತಲೆ ಎಣಿಸುತ್ತಾರೆ: ಇಪ್ಪತ್ತೆರಡು. ಅವರು ಮುಂದೆ ಚನ್ನಬಸವಣ್ಣನವರ ಪಕ್ಕ ಗಡಿಯಾರ ಹಿಡಿದು ಕೂರುತ್ತಾರೆ. ಅವರ ಬೆನ್ನಿಗೆ ಹಲಗೆಯ ಅಡ್ಡಗೋಡೆ. ಏರಿನ ಬುಡದಲ್ಲಿ ಇದ್ದಿಲು ಕೆದಕಲು ಬಸ್ಸು ನಿಲ್ಲುತ್ತದೆ. ಕೆದಕಿದ ಗಯಾಸುದ್ದೀನ್ ಮುಂದೆ ಬಂದು ಮಡ್‌ಗಾರ್ಡಿನ ಮೇಲೆ ಕೂತು, ಕಣ್ಣು ಮುಚ್ಚಿ, ಬಾನೆಟ್ಟಿಗೆ ಕಿವಿ ಕೊಡುತ್ತಾರೆ. ಅವರು ಎಂಜಿನ್ನು ನೋಡುವುದೇ ಹಾಗೆ.

ಬಸ್ಸು ಹೊರಡುತ್ತದೆ. ಎಂಜಿನ್ನು ಕೆಮ್ಮುವುದಿಲ್ಲ, ಏದುವುದಿಲ್ಲ. ತಿರುವು ದಾಟಿದರೂ ಸದ್ದು ಇಳಿಯುವುದಿಲ್ಲ. ಗಯಾಸುದ್ದೀನರ ಮುಚ್ಚಿದ ಕಣ್ಣಿಂದ ನೀರು ಕೆನ್ನೆಗಿಳಿದು ಗಾಳಿಗೆ ಆರುತ್ತದೆ. ತುದಿ ಮುಟ್ಟಿದಾಗ ಇನ್‌ಸ್ಪೆಕ್ಟರು, “ಭೇಷ್, ನಾಲ್ಕೂವರೆ ನಿಮಿಷ,” ಎಂದು ಇಳಿದು, ಬರೆದುಕೊಳ್ಳಲು ಹಿಂಬಾಗಿಲಿಗೆ ಹೋಗಿ ಇಣುಕುತ್ತಾರೆ.

ಬೆಂಚುಗಳು ಖಾಲಿ. ಮೂರು ಕುಕ್ಕೆ, ಒಂದು ಕೊಡೆ.

ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಇಪ್ಪತ್ತೆರಡು ಜನ ಏದುಸಿರು ಬಿಡುತ್ತಾ ಕಾಣಿಸಿಕೊಳ್ಳುತ್ತಾರೆ. ಎಲ್ಲರಿಗಿಂತ ಮುಂದೆ ಸಂತೆಯಲ್ಲಿ ವೀಳ್ಯದೆಲೆ ಮಾರುವ ಕುಳ್ಳಮ್ಮ.

“ಯಾಕವ್ವ ಇಳುದ್ರಿ?” ಚನ್ನಬಸವಣ್ಣ ಎದುರಿಗೆ ಓಡಿಬಂದು ಕೇಳುತ್ತಾರೆ.

“ನಾನೇ ಎಲ್ರಿಗೂ ಸನ್ನೆ ಮಾಡ್ದೆ ಕಣಪ್ಪ. ಸಾಬ್ರು ಎಂಟು ದಿನ ಉಜ್ಜವ್ರೆ, ನಮ್ ಭಾರ್ದಲ್ಲಿ ಗಾಡಿ ನಿಂತೋದ್ರೆ ಅವ್ರ ಮಾನ ಏನಾಗ್ಬೇಕು? ನೂಕೋಕೆ ಅಂತ ಹಿಂದ್ಗಡೆ ನಿಂತ್ಕಂಡ್ವಿ. ನಿಮ್ ಗಾಡಿ ಕೈಗೇ ಸಿಗ್ನಿಲ್ಲ.”

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ನಿಯಮದ ಪುಸ್ತಕವನ್ನು ಎರಡು ಸಲ ತಿರುವುತ್ತಾರೆ. ಒಂದು ಅರ್ಜಿಗೆ ಒಂದೇ ಪರೀಕ್ಷೆ. ಇನ್ನೊಂದು ಅರ್ಜಿಗೆ ಆರು ತಿಂಗಳು ಕಾಯಬೇಕು. ‘ಏರು ಹತ್ತಿದೆ. ಭಾರ: ಸೊನ್ನೆ’ ಎಂದು ಬರೆದು ರುಜು ಹಾಕುತ್ತಾರೆ. ಪರವಾನಗಿ ರದ್ದು. ಗಿರಣಿಯವರು ಭಾನುವಾರ ಬರುತ್ತಾರೆ.

ಗಯಾಸುದ್ದೀನ್ ಇನ್ನೂ ಮಡ್‌ಗಾರ್ಡಿನ ಮೇಲೆಯೇ ಕೂತಿದ್ದಾರೆ. ಕುಳ್ಳಮ್ಮ ಹತ್ತಿರ ಹೋಗಿ, “ತಪ್ಪಾಯ್ತಾ ಸಾಬ್ರೆ?” ಎಂದು ಕೇಳುತ್ತಾರೆ.

“ತಪ್ಪಲ್ಲ ಬುಡವ್ವ. ಆದ್ರೆ ಅಷ್ಟು ಸಲೀಸಾಗಿ ಅತ್ತಿದ್ದು ನನ್ ಕೆಲ್ಸದಿಂದ್ಲೋ, ನೀವ್ ಇಳಿದಿದ್ರಿಂದ್ಲೋ, ಈಗ ನಂಗೇ ಗೊತ್ತಾಗ್ದು.” ಬೆಚ್ಚಗಿರುವ ಬಾನೆಟ್ಟನ್ನು ಸವರುತ್ತಾ ಮಾಲೀಕರ ಕಡೆ ತಿರುಗುತ್ತಾರೆ. “ಯಜಮಾನ್ರೆ, ಶನಿವಾರ ಒಂದ್ ದಪ ಇವ್ರನ್ನೆಲ್ಲಾ ಕೂರಿಸ್ಕಂಡ್ ಬರಾನ. ಬಾಡಿಗೆ ಬ್ಯಾಡ, ಕಾಗದ ಬ್ಯಾಡ.”

ಚನ್ನಬಸವಣ್ಣ ಹೂಂ ಎಂದು ತಲೆಯಾಡಿಸುತ್ತಾರೆ. ಗಯಾಸುದ್ದೀನ್ ಇಪ್ಪತ್ತೆರಡು ಮುಖಗಳನ್ನೂ ಒಂದೊಂದಾಗಿ ನೋಡುತ್ತಾರೆ.

“ನಡುದಾರೀಲಿ ನಿಂತೋದ್ರೂ ಪರ್ವಾಗಿಲ್ಲ,” ಎನ್ನುತ್ತಾರೆ. “ಯಾರೂ ಇಳೀಬ್ಯಾಡಿ.”