ಹರಳಿಗೆ ಮೂಗು ಕೂರಿಸುವ ಮೂಗಕ್ಕ

ಬೆಳಗಿನ ಐದೂವರೆ. ಪ್ರಯೋಗಾಲಯದ ಹಿಂದಿನ ರಸ್ತೆಯಲ್ಲಿ ಲಾರಿಗಳ ಓಡಾಟ ಇನ್ನೂ ಶುರುವಾಗಿಲ್ಲ. ನೆಲ ಅದುರದ ಈ ಹೊತ್ತೇ ಮೂಗಕ್ಕನಿಗೆ ಬೇಕು. ಉಗುರಿನಷ್ಟಗಲದ ಹರಳಿನ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಯಂತ್ರದ ತಟ್ಟೆಯ ಮೇಲಿಡುತ್ತಾರೆ. ಮೇಲಿಂದ ಒಂದೇ ಹನಿ ದ್ರಾವಣ. ಗುಂಡಿ ಒತ್ತಿದರೆ ತಟ್ಟೆ ಗಿರ್ರನೆ ತಿರುಗಿ, ಹನಿ ಹರಡಿ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆಯಾಗುತ್ತದೆ. ಅಲ್ಲಿಯವರೆಗೂ ಉಸಿರು ಬಿಗಿಹಿಡಿದಿದ್ದವರು ಆಮೇಲೆ ನಗುತ್ತಾರೆ. "ಸೀನಿದ್ರೆ ಕೆಟ್ಟಿತು ನೋಡಿ!"

ಅಮೋನಿಯಾ ಅನಿಲ ಸೋರಿದರೆ ಪತ್ತೆಹಚ್ಚುವ ಸೆನ್ಸರ್‌ನ ಜೀವಾಳ ಈ ಪೊರೆ. ಹರಳಿನ ಮೈಮೇಲೆ ಕಿವಿಗೆ ಕೇಳದ ಶಬ್ದದ ಅಲೆಯೊಂದು ಸದಾ ಓಡುತ್ತಿರುತ್ತದೆ. ಅಮೋನಿಯಾ ಬಂದು ಪೊರೆಗೆ ಅಂಟಿದರೆ ಅಲೆಯ ವೇಗ ತಗ್ಗುತ್ತದೆ, ಸೆನ್ಸರ್ ಗಂಟೆ ಬಾರಿಸುತ್ತದೆ. ಮೂಗಕ್ಕ ಇದನ್ನು ಇನ್ನೂ ಸಲೀಸಾಗಿ ಹೇಳುತ್ತಾರೆ. "ತಲೆ ಮೇಲೆ ಮೂಟೆ ಹೊರಿಸಿದ್ರೆ ನಮ್ಮ ನಡಿಗೆ ನಿಧಾನ ಆಗಲ್ವಾ? ಅಷ್ಟೇ."

ಮೂಗು ತಯಾರಿಸುವವರೆಂದು ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಮೂಗಕ್ಕ. ಮಾತಿಗೆ ಕೂತರೆ ಮಾತ್ರ ಹೆಸರಿಗೆ ತದ್ವಿರುದ್ಧ!

ಐವತ್ತೆರಡರ ಈಕೆ ಇಲ್ಲಿಗೆ ಬಂದದ್ದು ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ. ಪತಿ ಮಂಜುಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷಗಳ ಹಿಂದೆ ಅಲ್ಲಿ ತಂಪು ಮಾಡಲು ಬಳಸುವ ಅಮೋನಿಯಾದ ಕೊಳವೆ ಸೋರಿತು. "ದಿನಾ ಅದೇ ಘಾಟು ಕುಡಿದು ಅವರ ಮೂಗು ಮರಗಟ್ಟಿತ್ತು. ಜಾಸ್ತಿ ಆಗಿದ್ದು ತಿಳೀಲೇ ಇಲ್ಲ," ಎನ್ನುತ್ತಾರೆ. ಜೀವ ಉಳಿಯಿತು, ಶ್ವಾಸಕೋಶ ಸುಟ್ಟಿತು. ಇಂದಿಗೂ ಎರಡು ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು. ಮನೆಯ ಅಡುಗೆ ಅವರದೇ. "ಉಪ್ಪು ಒಂದು ಹಿಡಿತಕ್ಕೆ ಬಂದಿಲ್ಲ, ಮಿಕ್ಕಿದ್ದೆಲ್ಲ ಚೆನ್ನಾಗಿ ಮಾಡ್ತಾರೆ."

ಪಾತ್ರೆ ತೊಳೆಯುತ್ತಲೇ ಒಂದು ದಿನ ಪ್ರಯೋಗಾಲಯದ ಪ್ರಾಧ್ಯಾಪಕಿಯನ್ನು ಬಿಲ್ಲೆ ತೋರಿಸಿ ಕೇಳಿದರಂತೆ, "ಮೇಡಂ, ಇದು ಯಾವ ವಾಸನೆ ಹಿಡಿಯುತ್ತೆ?" ಅಮೋನಿಯಾ ಎಂಬ ಉತ್ತರ ಕೇಳಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಹಾಗಾದ್ರೆ ನಂಗೂ ಕಲಿಸಿ." ಮೊದಲ ನಾಲ್ಕು ತಿಂಗಳು ಒಂದು ಬಿಲ್ಲೆಯೂ ನೆಟ್ಟಗಾಗಲಿಲ್ಲ. ಈಗ ದಿನಕ್ಕೆ ಇಪ್ಪತ್ತನಾಲ್ಕು ಮಾಡುತ್ತಾರೆ, ಅದರಲ್ಲಿ ಎಂಟು ಹತ್ತನ್ನು ತಾವೇ ನಿರ್ದಾಕ್ಷಿಣ್ಯವಾಗಿ ಪಕ್ಕಕ್ಕೆ ಎಸೆಯುತ್ತಾರೆ.

ಕಳೆದ ವರ್ಷ ಒಂದು ಶೀತಲ ಗೋದಾಮಿನಲ್ಲಿ ಆರು ಸೆನ್ಸರ್‌ಗಳನ್ನು ಪರೀಕ್ಷೆಗೆ ತೂಗುಹಾಕಿದ್ದರು. ಮೂರನೇ ದಿನ ಮಧ್ಯಾಹ್ನ, ಮೂಗಕ್ಕ ಅಂಕಿ ಬರೆದುಕೊಳ್ಳುತ್ತಿದ್ದಾಗಲೇ ಒಂದು ಕಿರುಚಿಕೊಂಡಿತು. ಯಾರ ಮೂಗಿಗೂ ಏನೂ ಬಡಿದಿರಲಿಲ್ಲ. ಗೋದಾಮಿನ ಮ್ಯಾನೇಜರ್ ಸಿಡುಕಿದರು. "ತೇವಕ್ಕೆ ಬಡ್ಕೋತಿದೆ. ಆಫ್ ಮಾಡಿ."

ಸುಳ್ಳಾದರೆ ಮಾನ ಹೋಗುವುದು ಪ್ರಯೋಗಾಲಯದ್ದು. ಆದರೆ ಆ ಬಿಲ್ಲೆಯನ್ನು ತೇವದ ಗಾಳಿಯಲ್ಲಿ ಹನ್ನೊಂದು ಸಲ ಇಟ್ಟು ನೋಡಿದ್ದು ಮೂಗಕ್ಕನದೇ ಕೈ. "ಇದು ತೇವ ಅಲ್ಲ ಸಾರ್. ಮೊದ್ಲು ಜನ ಆಚೆ ಬರ್ಲಿ, ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈರಿ."

ಮ್ಯಾನೇಜರ್ ಗೊಣಗುತ್ತಲೇ ಒಪ್ಪಿದರು. ಹದಿನಾಲ್ಕು ಮಂದಿ ಹೊರಬಂದರು. ಮುಖವಾಡ ತೊಟ್ಟು ಒಳಹೋದ ಮೆಕ್ಯಾನಿಕ್‌ಗೆ ಯಂತ್ರದ ಹಿಂಬದಿಯ ವಾಲ್ವ್ ಬಿರುಕುಬಿಟ್ಟಿರುವುದು ಕಂಡಿತು. ಅವರು ಅನಿಲ ನಿಲ್ಲಿಸಿ ಹೊರಬರುವಷ್ಟರಲ್ಲಿ ಬಾಗಿಲ ಬಳಿ ನಿಂತವರಿಗೂ ಕಣ್ಣುರಿ. ಮ್ಯಾನೇಜರ್ ಮೂಗಕ್ಕನಿಗೆ ಒಂದು ಕುರ್ಚಿ ತಂದು ಹಾಕಿದರು. "ಬೆಳಗ್ಗೆಯಿಂದ ನಿಂತೇ ಅಂಕಿ ಬರೀತಿದ್ದೆ. ಕುರ್ಚಿ ತಂದಿದ್ದೇ ದೊಡ್ಡ ಉಪಕಾರ," ಎಂದು ಈಗ ನಗುತ್ತಾರೆ.

ಆ ಪರೀಕ್ಷೆಯ ವರದಿ ಅಚ್ಚಾಗಿದೆ. ಮೂಗಕ್ಕನ ಹೆಸರು ಅದರಲ್ಲಿಲ್ಲ. ಬೇಸರವಿಲ್ಲವೇ ಎಂದರೆ ಚಿಮಟ ಒರೆಸುತ್ತಾ ಹೇಳುತ್ತಾರೆ. "ನಾನ್ಯಾರು ಅಂತ ಗೊತ್ತಾಗಿ ಏನಾಗ್ಬೇಕು ಹೇಳಿ? ಇದು ಕೂಗಿದಾಗ ಜನ ನಂಬಿ ಆಚೆ ಓಡಿ ಬಂದ್ರೆ ಸಾಕು."