ಕೂಗಿದರೂ ತಂಗಿ ಓಗೊಡಲಿಲ್ಲ

ಎರಡು ವರ್ಷದ ಹಿಂದೆ, ದೀಪಾವಳಿ ಸೂಟಿ ಮುಗಿದ ಮೇಲೆ, ನನ್ನ ತಂಗಿಯ ಶಾಲೆಯಲ್ಲಿ ಪಾಲಕರ ಸಭೆ ಕರೆದಿದ್ದರು. ಅಲ್ಲಿ ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ನಾನು ಓದಿದ್ದು ಆರನೆಯ ಇಯತ್ತೆಯವರೆಗೆ ಮಾತ್ರ, ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ನಮ್ಮದು ಕುರುಂದವಾಡದ ಕಡೆ ಹೊಳೆದಂಡೆಯ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ನಾನು ಇಚಲಕರಂಜಿಯ ಮಗ್ಗದ ಕಾರಖಾನೆಗೆ ಸೇರಿದೆ. ಅವ್ವ ಹೊಲ ನೋಡಿಕೊಳ್ಳುತ್ತಾಳೆ. ತಂಗಿ ಪದ್ಮಶ್ರೀ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಆಗ ಮೂರನೆಯ ಇಯತ್ತೆಯಲ್ಲಿದ್ದಳು. ಮನೆಯಲ್ಲಿ ಅವಳನ್ನು ಪದ್ಮಿ ಎನ್ನುತ್ತೇವೆ.

ಅವಳ ಶಾಲೆ ಬಸದಿಯವರು ನಡೆಸುವುದು. ದಿನದ ಮೊದಲ ತಾಸು ಧರ್ಮದ ಪಾಠ. ಆ ವರ್ಷ ಪಾಠದ ಬಾಯಿ (ನಮ್ಮ ಕಡೆ ಶಿಕ್ಷಕಿಗೆ ಬಾಯಿ ಎನ್ನುತ್ತೇವೆ) ಮಕ್ಕಳಿಗೆಲ್ಲ ಒಂದೊಂದು ನಿಯಮದ ಕಾರ್ಡು ಕೊಟ್ಟಿದ್ದರು. ಒಂದು ದಿನ ಬೆಲ್ಲ ಬಿಡುವುದು, ಹೊತ್ತು ಮುಳುಗುವ ಮೊದಲೇ ಊಟ ಮಾಡುವುದು, ಒಂದು ತಾಸು ಮೌನ ಇರುವುದು, ಹೀಗೆ ಸಣ್ಣ ನಿಯಮಗಳು. ಪಾಲಿಸಿದ್ದಕ್ಕೆ ಮನೆಯ ಹಿರಿಯರು ಸಹಿ ಹಾಕಬೇಕು, ಬಾಯಿ ಅದಕ್ಕೊಂದು ನಕ್ಷತ್ರ ಅಂಟಿಸುತ್ತಿದ್ದರು. ವರ್ಷದ ಕೊನೆಗೆ ಕೊಲ್ಹಾಪುರದಿಂದ ಪರೀಕ್ಷೆ ಮಾಡುವವರು ಬರುತ್ತಾರೆ, ಹೆಚ್ಚು ನಕ್ಷತ್ರದವರಿಗೆ ಬಹುಮಾನ. ಪದ್ಮಿಯೇ ಎಲ್ಲರಿಗಿಂತ ಮುಂದೆ ಇದ್ದಳು. ಮಗ್ಗದ ಗೆಳೆಯರಿಗೆಲ್ಲ ನಾನು ಆ ಕಾರ್ಡಿನ ಫೋಟೋ ತೋರಿಸುತ್ತಿದ್ದೆ.

ಆದರೆ ಅವಳು ಅಂಜಿದ್ದಳು. ಅದು ನನಗೆ ಗೊತ್ತಿತ್ತು. ತರಗತಿಯ ಗೋಡೆಗೆ ನರಕದ ಚಿತ್ರಗಳ ದೊಡ್ಡ ತಕ್ತೆ ಇತ್ತು. ಅದರಲ್ಲೊಂದು ಕಡೆ ಒಬ್ಬಳ ನಾಲಿಗೆಯನ್ನು ಇಕ್ಕಳದಿಂದ ಎಳೆಯುತ್ತಿದ್ದರು. ನಿಯಮ ಮುರಿದವರಿಗೆ ಹಾಗೆ ಆಗುತ್ತದೆ ಎಂದು ಪದ್ಮಿ ನಂಬಿಕೊಂಡಿದ್ದಳು. ಒಂದು ದಿನ ಗಾಡಿಯ ಮೇಲೆ ಕರೆತರುವಾಗ ಅವಳ ಲಂಗ ಒದ್ದೆಯಾಗಿತ್ತು. ಮೌನದ ತಾಸಿನಲ್ಲಿ ಹೊರಗೆ ಹೋಗಲು ಕೇಳಲಾಗದೆ ಕೂತಲ್ಲೇ ಆಗಿಹೋಗಿತ್ತು. ಅವ್ವನಿಗೆ ಹೇಳಬೇಡ ಎಂದಳು. ನಾನೂ ಹೇಳಲಿಲ್ಲ.

ಧರ್ಮದ ಪಾಠ ಹೇಗೆ ನಡೆದಿದೆ, ಏನು ಬದಲಾಯಿಸಬೇಕು ಎಂದು ಕೇಳುವುದಕ್ಕೇ ಆ ಸಭೆ ಕರೆದದ್ದು. ಸುತ್ತ ಕೂತವರು ಅಂಗಡಿಯವರು, ಮಾಸ್ತರರು. ಮಾತೆಲ್ಲ ಮರಾಠಿಯಲ್ಲಿ. ಬಾಯಿ ನನ್ನ ಹತ್ತಿರ ಬಂದು, ಕನ್ನಡದಲ್ಲೇ ಕೇಳಿದರು: "ಪದ್ಮಶ್ರೀಗೆ ಏನರ ತ್ರಾಸ ಐತೇನ್ರಿ? ಇದ್ರ ಬಿಚ್ಚಿ ಹೇಳ್ರಿ."

ಒದ್ದೆ ಲಂಗ ನೆನಪಾಯಿತು. ಇಷ್ಟು ಜನರ ಮುಂದೆ ಅದನ್ನು ಹೇಗೆ ಹೇಳುವುದು ಎನ್ನಿಸಿತು. ಹೇಳಿದರೆ ನಕ್ಷತ್ರ ನಿಂತುಹೋಗುತ್ತವೆ ಎಂದೂ ಅನ್ನಿಸಿತು. "ಏನೂ ಇಲ್ರಿ, ಛಲೋ ನಡದೈತಿ" ಎಂದೆ. ಕೊಟ್ಟ ಕಾಗದದಲ್ಲಿ ಎಲ್ಲ ಪ್ರಶ್ನೆಗೂ ಉತ್ತಮ ಎಂದು ಗುರುತು ಹಾಕಿ ಎದ್ದು ಬಂದೆ.

ಸಂಕ್ರಾಂತಿ ಮುಗಿದ ಮೇಲಿನ ರವಿವಾರ ನನಗೆ ಸೂಟಿ ಇತ್ತು. ಬೆಳಿಗ್ಗೆ ಪದ್ಮಿ ಕಾರ್ಡು ಪೆನ್ಸಿಲ್ಲು ಹಿಡಿದು ಬಂದು ನನ್ನ ಅಂಗಿ ಜಗ್ಗಿದಳು. ಫೋನಿನಲ್ಲಿ ಮಾತಾಡುತ್ತಲೇ, ಏನು ಬರೆದಿದೆ ಎಂದು ಸರಿಯಾಗಿ ನೋಡದೆ ಸಹಿ ಹಾಕಿದೆ. ಮಧ್ಯಾಹ್ನ ಊಟಕ್ಕೆ ಅವಳು ಬರಲಿಲ್ಲ. ಗೆಳತಿಯರ ಮನೆಯಲ್ಲಿ ಇರಬೇಕು ಎಂದುಕೊಂಡೆವು. ನಾಲ್ಕು ಗಂಟೆಯಾದರೂ ಸುಳಿವಿಲ್ಲ. ಯಾರ ಮನೆಯಲ್ಲೂ ಇರಲಿಲ್ಲ. ಅವ್ವ ಹೊಳೆಯ ಕಡೆ ಓಡಿದಳು. ಓಣಿಯ ಜನ ಬಾವಿಗಳಿಗೆ ಇಣುಕತೊಡಗಿದರು. ನಾನು ಹೆಸರು ಹಿಡಿದು ಕೂಗುತ್ತ ಹೊಲದ ದಾರಿ ಹಿಡಿದೆ.

ನಮ್ಮ ಹೊಲದ ಬದುವಿನ ಮೇಲೆ ಅವಳ ಒಂದು ಚಪ್ಪಲಿ ಸಿಕ್ಕಿತು. ಬದುವಿನ ಆಚೆ ಪಕ್ಕದವರ ಎತ್ತರದ ಕಬ್ಬು. ಕಡಿಯುವ ಗ್ಯಾಂಗು ಮರುದಿನ ಬರುವುದಿತ್ತು, ಅದಕ್ಕೆ ಅವರು ಅವತ್ತೇ ಸಂಜೆ ಕಬ್ಬಿಗೆ ಬೆಂಕಿ ಕೊಟ್ಟು ಒಣಗಿದ ಗರಿಯ ರವದಿ ಸುಡುವವರಿದ್ದರು. ಹೊಲದ ಮಾಲಕ, ನಾವು ಕಾಕಾ ಎನ್ನುವವರು, ಉರಿಯುವ ರವದಿಯ ಸಿವುಡು ಹಿಡಿದು ನಿಂತಿದ್ದರು. ಆಚೆ ಮೂಲೆಯಲ್ಲಿ ಅವರ ತಮ್ಮ ಆಗಲೇ ಹಚ್ಚಿದ್ದ. ಹೊಗೆ ಏಳುತ್ತಿತ್ತು. ಚಟಪಟ ಸಪ್ಪಳ ಕೇಳುತ್ತಿತ್ತು.

ಪದ್ಮಿ ಒಳಗಿರಬಹುದು ಎಂದೆ. ಕಾಕಾ ನಂಬಲಿಲ್ಲ. "ಹಚ್ಚೂ ಮೊದಲ ಮೂರು ಸಲ ಕೂಗೀನೋ. ಒಳಗ ಯಾರಾದ್ರೂ ಅದೀರೇನು ಅಂತ. ಯಾರೂ ಓ ಅನ್ನಲಿಲ್ಲ."

ಬೆಳಿಗ್ಗೆ ಅರೆಗಣ್ಣಿನಲ್ಲಿ ನೋಡಿ ಸಹಿ ಹಾಕಿದ ಸಾಲು ಆಗ ಕಣ್ಣ ಮುಂದೆ ಬಂತು. ಮೌನ, ಇಡೀ ದಿನ. ಅವಳು ಕಾಕಾನ ಕೂಗು ಕೇಳಿದ್ದಾಳೆ, ನನ್ನ ಕೂಗೂ ಕೇಳಿದ್ದಾಳೆ. ಬೆಂಕಿ ಕಾಲ ಬುಡಕ್ಕೆ ಬಂದರೂ ತುಟಿ ಬಿಚ್ಚುವುದಿಲ್ಲ.

ಕಾಕಾ ಸಿವುಡನ್ನು ಮಣ್ಣಿಗೆ ಒತ್ತಿ ಆರಿಸಿ, ತಮ್ಮನನ್ನು ಕೂಗುತ್ತ ಆಚೆ ಮೂಲೆಗೆ ಓಡಿದರು. ಅಷ್ಟು ದೊಡ್ಡ ಹೊಲದಲ್ಲಿ ಯಾವ ಸಾಲಿನಲ್ಲಿ ಹುಡುಕಲಿ? ಶಾಲೆಯಲ್ಲಿ ಮೌನ ಬಿಡಿಸುವ ರೀತಿ ನೆನಪಾಯಿತು. ಬಾಯಿ ಣಮೋಕಾರ ಮಂತ್ರ ಶುರು ಮಾಡುತ್ತಾರೆ, ಮಕ್ಕಳು ದನಿ ಸೇರಿಸುತ್ತಾರೆ, ಅಲ್ಲಿಗೆ ಮೌನ ಮುಗಿಯಿತು. ಮನೆಯಲ್ಲೂ ಪದ್ಮಿ ನನ್ನಿಂದ ಹಾಗೆಯೇ ಮಾಡಿಸುತ್ತಿದ್ದಳು. ನಾನು ಕಬ್ಬಿನ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಮಂತ್ರ ಹೇಳತೊಡಗಿದೆ. ಮೊದಲ ಸಾಲಿಗೆ ಏನೂ ಕೇಳಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಾಲಿಗೆ ಒಳಗಿನಿಂದ, ಕೆಮ್ಮಿನ ನಡುವೆ, ಒಂದು ಸಣ್ಣ ದನಿ ಸೇರಿತು.

ಆ ದನಿಯ ಜಾಡು ಹಿಡಿದು ನುಗ್ಗಿದೆ. ಗರಿಗಳು ಮುಖ ಕೊಯ್ದದ್ದು ಆಮೇಲೆ ಗೊತ್ತಾಯಿತು. ಹೊಗೆ ಕಣ್ಣು ಬಿಡಗೊಡುತ್ತಿರಲಿಲ್ಲ. ಮಂತ್ರ ಮುಗಿದರೆ ಅವಳು ಮತ್ತೆ ಸುಮ್ಮನಾದಾಳೆಂದು ಅಂಜಿ ಮತ್ತೆ ಮತ್ತೆ ಶುರು ಮಾಡಿದೆ. ಅವಳು ಎರಡು ಸಾಲಿನ ನಡುವೆ ಮುದುಡಿ ಕುಕ್ಕರಗಾಲಲ್ಲಿ ಕೂತಿದ್ದಳು. ಮನೆಯಲ್ಲಿದ್ದರೆ ಅವ್ವ ಮಾತಾಡಿಸುತ್ತಾಳೆಂದು ಬೆಳಿಗ್ಗೆಯೇ ಅಲ್ಲಿ ಬಂದು ಅಡಗಿದ್ದಳಂತೆ. ಎತ್ತಿಕೊಂಡು ಓಡುವಾಗ ನನ್ನ ಕಿವಿಯಲ್ಲಿ ಕೇಳಿದಳು: "ಅಣ್ಣಾ, ನಿಯಮ ಮುರೀತೇನು?"

ಆ ವಾರವೇ ಬಾಯಿ ನಮ್ಮ ಮನೆಗೆ ಬಂದು ಅತ್ತರು. ಮುಂದಿನ ಸಭೆಯಲ್ಲಿ ತಪ್ಪೆಲ್ಲ ತಮ್ಮದೇ ಎಂದರು. ಜನ ನನ್ನ ಬೆನ್ನು ತಟ್ಟಿದರು, ತಂಗಿಯನ್ನು ಉಳಿಸಿದ ಅಣ್ಣ ಎಂದರು. ಆಗಲೂ ನಾನು ತಲೆ ತಗ್ಗಿಸಿ ಕೂತೆ.

ತಕ್ತೆ ಗೋಡೆಯಿಂದ ಇಳಿಯಿತು, ಕಾರ್ಡು ನಕ್ಷತ್ರಗಳೂ ಹೋದವು. ಪಾಠ ಹೇಗಿರಬೇಕೆಂದು ಬಾಯಿ ಈ ಸಲ ಮಕ್ಕಳನ್ನೇ ಕೇಳಿದರು, ಯಾವುದಕ್ಕೆ ಅಂಜಿಕೆ ಬರುತ್ತದೆ ಎಂದು ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಕೇಳಿದರು. ಈಗ ಅಲ್ಲಿ ಮೊದಲ ನಿಯಮ, ಯಾರಾದರೂ ಕರೆದರೆ ಓಗೊಡುವುದು. ಪದ್ಮಿ ಈಗ ನಕ್ಕುಕೊಂಡು ಶಾಲೆಗೆ ಹೋಗುತ್ತಾಳೆ. ಆದರೆ ಎಲ್ಲಾದರೂ ರವದಿ ಸುಡುವ ಹೊಗೆ ಕಂಡರೆ ಇವತ್ತಿಗೂ ನಾನು ಗಾಡಿ ನಿಲ್ಲಿಸಿ ಕಿವಿಗೊಡುತ್ತೇನೆ.

ಬೆಂಕಿ ಆದ ಆ ವರ್ಷವೇ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಅಂದು ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಬಸದಿಯ ಅಂಗಳದಲ್ಲಿ ಎದುರು ಬಂದವರಿಗೆಲ್ಲ ಕೈ ಮುಗಿದು "ಉತ್ತಮ ಕ್ಷಮಾ" ಎನ್ನುತ್ತ ಬಂದೆ. ಪದ್ಮಿಗೂ ಹಾಗೇ ಅಂದೆ. ಅವಳು ತಿರುಗಿ ಕೈ ಮುಗಿಯಲಿಲ್ಲ.

"ಯಾತಕ್ಕ?" ಎಂದಳು.

ಎಲ್ಲದಕ್ಕೂ ಎಂದು ನಕ್ಕೆ.

"ಹಂಗ ನಡಿಯಂಗಿಲ್ಲ. ಏನ್ ತಪ್ಪು ಮಾಡೀವಿ ಅಂತ ಹೇಳಿ ಕೇಳಬೇಕು ಅಂತ ಬಾಯಿ ಕಲಿಸ್ಯಾರ. ನಿನ್ನ ಬ್ಯಾಟರಿ ನಾನ ಒಡದೀನಿ ಅಂತ ನಾ ಹೇಳಿಲ್ಲೇನು ಮುಂಜಾನೆ?"

ಬಾಯಿ ಅವಳ ಹಿಂದೆಯೇ ನಿಂತಿದ್ದರು. ಸಭೆಯ ದಿನದಂತೆಯೇ ಸುತ್ತ ಜನ ಇದ್ದರು. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದೆ:

"ಪದ್ಮಿ, ನಿನಗ ಅಂಜಿಕಿ ಆಗತಿತ್ತು ಅಂತ ನನಗ ಮೊದಲ ಗೊತ್ತಿತ್ತು. ಬಾಯಿ ನನ್ನ ಕೇಳಿದ್ರು. ಏನೂ ಇಲ್ಲ ಅಂತ ಸುಳ್ಳು ಹೇಳಿದೆ. ಬಾಯಿ, ನಿಮ್ಮ ಮ್ಯಾಲ ತಪ್ಪು ಬಂದಾಗೂ ಸುಮ್ಮನ ಕುಂತೆ, ನೀವೂ ಕ್ಷಮಾ ಮಾಡ್ರಿ. ತಪ್ಪಾತವ್ವಾ ತಂಗಿ. ನಾ ಅವತ್ತ ಮಾತಾಡಬೇಕಿತ್ತು."